ಕ್ಯಾಮೆರಾ ಅವರದು, ಲೈಟು ನನ್ನದು

ಮದುವೆಮನೆಯಲ್ಲಿ ಲೈಟು ಹಿಡಿದು ನಿಂತವರು ನಗೋ ಸಂಗತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆಗಾಲದ ಹುಳುಗಳ ಹಾಗೆ ಅವೇ ಬೆಳಕಿನ ಹತ್ತಿರ ಬರುತ್ತವೆ.

ಹುಣಸೂರಿನಲ್ಲಿ ನಮ್ಮದೊಂದು ಚಿಕ್ಕ ಸ್ಟುಡಿಯೋ ಇದೆ. ನಮ್ಮ ಯಜಮಾನರು ಕ್ಯಾಮೆರಾ ಹಿಡಿಯುತ್ತಾರೆ, ನಾನು ಲೈಟು ಹಿಡಿಯುತ್ತೇನೆ. ನಮ್ಮ ಮದುವೆಯಾದ ಹೊಸದರಲ್ಲಿ ಲೈಟಿನವನು ಕೈಕೊಟ್ಟ ಅಂತ "ಇವತ್ತೊಂದು ದಿನ ಹಿಡ್ಕೊ" ಅಂದಿದ್ದರು. ಆ ಒಂದು ದಿನ ಇನ್ನೂ ಮುಗಿದಿಲ್ಲ. ಕೈ ಸುಡುತ್ತಿದ್ದ ಹ್ಯಾಲೊಜೆನ್ ಹೋಗಿ ತಣ್ಣಗಿನ ಎಲ್‌ಇಡಿ ಬಂತು, ಮಾರುದ್ದದ ವೈರು ಹೋಗಿ ಬ್ಯಾಟರಿ ಬಂತು, ನಾನು ಮಾತ್ರ ಅಲ್ಲೇ ಇದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನೂರಾರು ಮದುವೆ ಆಲ್ಬಂಗಳಲ್ಲಿ ನಾನೊಂದರಲ್ಲೂ ಇಲ್ಲ. ಒಮ್ಮೆ ಅದನ್ನೇ ಹೇಳಿ ಬೇಜಾರು ಮಾಡಿಕೊಂಡೆ. ಯಜಮಾನರು, "ಯಾರ ಮುಖದ ಮೇಲೆ ಬೆಳಕಿದೆಯೋ ಅಲ್ಲೆಲ್ಲ ನೀನೇ ಇದ್ದೀಯ ಕಣೆ" ಅಂದರು. ನನ್ನ ಕಣ್ಣು ತುಂಬಿ ಬಂತು. ತಕ್ಷಣ, "ಸ್ವಲ್ಪ ಎಡಕ್ಕೆ ಹೋಗು, ಅಡ್ಡ ಬರ್ತಿದ್ದೀಯ" ಅಂದರು.

ಬಿಸಿ ಪಂಚೆ

ಇದು ಹ್ಯಾಲೊಜೆನ್ ಕಾಲದ್ದು. ಮಿರ್ಲೆ ಕಡೆ ಒಂದು ಮದುವೆ. ಮಾಘ ಮಾಸ, ಬೆಳಗಿನ ಜಾವದ ಮುಹೂರ್ತ, ಮನೆ ಮುಂದೆ ತೆಂಗಿನ ಗರಿಯ ಚಪ್ಪರ. ಚಳಿಗೆ ಓಲಗದವರ ಬೆರಳೇ ಮಡಚುತ್ತಿರಲಿಲ್ಲ.

ಹ್ಯಾಲೊಜೆನ್ ಲೈಟನ್ನು ನೇರವಾಗಿ ಬಿಟ್ಟರೆ ಮುಖ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತೆ. ಅದಕ್ಕೆ ಮುಂದೆ ಒಂದು ತಂತಿಯ ಚೌಕಟ್ಟಿಟ್ಟು, ಬಟರ್ ಪೇಪರ್ ಕಟ್ಟಿ ಬೆಳಕನ್ನು ಮೆದು ಮಾಡುತ್ತಿದ್ದೆವು. ಅವತ್ತು ಆ ಪೇಪರು ಶಾಖಕ್ಕೆ ಕರಿಕಾಗಿ ಹರಿದೇ ಹೋಯಿತು. ಮದುಮಗಳ ಕಣ್ಣಲ್ಲಿ ನೀರು ಸುರಿಯೋಕೆ ಶುರುವಾಯಿತು. "ತವರು ಬಿಟ್ಟು ಹೋಗ್ತಾಳಲ್ಲ, ಪಾಪ" ಅಂತ ಹೆಂಗಸರೂ ಅಳತೊಡಗಿದರು. ಅದು ದುಃಖವಲ್ಲ, ನನ್ನ ಲೈಟು ಅಂತ ನನಗೊಬ್ಬಳಿಗೇ ಗೊತ್ತು.

ಪಕ್ಕದಲ್ಲಿದ್ದ ಹೆಂಗಸಿಗೆ, "ಅಕ್ಕಾ, ಒಂದು ಬಿಳಿ ಬಟ್ಟೆ ಇದ್ದರೆ ಕೊಡಿ" ಅಂದೆ. ಅವರು ಹಿಂದೆ ತಿರುಗಿ, ಕೈಗೆ ಸಿಕ್ಕ ಒಂದು ಹೊಸ ಬಿಳಿ ಬಟ್ಟೆ ಕೊಟ್ಟರು. ಮಡಿಕೆ ಬಿಚ್ಚದೆ ಚೌಕಟ್ಟಿಗೆ ಕ್ಲಿಪ್ ಹಾಕಿದೆ. ಬೆಳಕು ಬೆಣ್ಣೆಯಂತೆ ಇಳಿಯಿತು. ಯಜಮಾನರು ಕ್ಯಾಮೆರಾದಿಂದ ಕಣ್ಣೆತ್ತದೆ ಹೆಬ್ಬೆರಳು ತೋರಿಸಿದರು.

ಹತ್ತು ನಿಮಿಷ ಕಳೆದಿರಬೇಕು. ಪುರೋಹಿತರು, "ವರನಿಗೆ ಕೊಡೋ ಪಂಚೆ ತನ್ನಿ" ಅಂದರು. ತಟ್ಟೆ ಬಂತು. ಅದರಲ್ಲಿ ತೆಂಗಿನಕಾಯಿ, ಎಲೆ, ಅಡಿಕೆ ಎಲ್ಲಾ ಇತ್ತು, ಪಂಚೆ ಇಲ್ಲ. ಹೆಣ್ಣಿನ ಅಪ್ಪ ಹೆಣ್ಣಿನ ಅಣ್ಣನನ್ನು ಬೈದರು. ಅಣ್ಣ ಒಳಗೆ ಓಡಿ ಟ್ರಂಕು ಬೋರಲು ಹಾಕಿದ. ಅಷ್ಟರಲ್ಲಿ ಗಂಡಿನ ಸೋದರಮಾವ ಎದ್ದು ನಿಂತರು.

"ಒಂದ್ ಪಂಚೆ ತರಕ್ಕಾಗ್ದೆ ಎಣ್ ಕೊಡಕ್ ಕುಂತವ್ರಾ? ನಮ್ಮನ್ನ ಏನಂದ್ಕಂಡಿದ್ದೀರಿ?"

"ತಂದಿದ್ದೋ ಕಣ್ರೀ! ನಿಮ್ ಕಡೆಯೋರೇ ಯಾರೋ ಎತ್ತಿ ಮಡಗವ್ರೆ!"

ನಾನು ಮೇಲೆ ಲೈಟಿನ ಕಡೆ ನೋಡಿದೆ. ಬಿಳಿ ಬಟ್ಟೆಗೆ ಹಸಿರು ಅಂಚು. ಮೆಲ್ಲಗೆ, "ರೀ, ಪಂಚೆ" ಅಂದೆ. ಯಜಮಾನರು ಜಗಳವನ್ನು ಬಹಳ ಶ್ರದ್ಧೆಯಿಂದ ವಿಡಿಯೋ ಮಾಡುತ್ತಿದ್ದರು. "ನಾನು ಪ್ಯಾಂಟ್ ಹಾಕಿದ್ದೀನಿ ಕಣೆ, ನೀನು ಲೈಟ್ ಎತ್ತು" ಅಂದರು.

ಬೇರೆ ದಾರಿ ಇರಲಿಲ್ಲ. ಲೈಟ್ ಆರಿಸಿದೆ. ಇಡೀ ಚಪ್ಪರ ಮಂಕಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ಕ್ಲಿಪ್ ಬಿಚ್ಚಿ, ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ಪುರೋಹಿತರ ಮುಂದೆ ಚಾಚಿದೆ.

ಮದುಮಗ ಬರಿಮೈಯಲ್ಲಿ ಗಡಗಡ ನಡುಗುತ್ತಾ ಕೂತಿದ್ದ. ಪಂಚೆ ಹೆಗಲಿಗೆ ಬಿದ್ದದ್ದೇ ಅವನ ಮುಖ ಅರಳಿತು. ಕಣ್ಣು ಮುಚ್ಚಿಕೊಂಡ.

"ಏನ್ಲಾ ಆಯ್ತು?" ಅಂದರು ಸೋದರಮಾವ.

"ಬೆಚ್ಚಗದೆ ಮಾವ" ಅಂದ ಮದುಮಗ.

ಜಗಳವೆಲ್ಲ ಅಲ್ಲೇ ನಗುವಾಗಿ ಹೋಯಿತು. ನಾನು ಮತ್ತೆ ಲೈಟು ಹಾಕುವಾಗ ಪುರೋಹಿತರು ತಮ್ಮ ಶಲ್ಯ ತೆಗೆದು ಮೆಲ್ಲಗೆ ನನ್ನ ಕಡೆ ನೂಕಿದರು. "ಪಂಚೆ ಹೋಯ್ತಲ್ಲಮ್ಮ, ಬೆಳಕು ಮೆದು ಮಾಡೋಕೆ ಇದನ್ನು ಕಟ್ಟಿ. ಆಮೇಲೆ ಮರೀದೆ ವಾಪಸ್ ಕೊಡಿ, ಬಿಸಿ ಇರೋವಾಗ್ಲೇ."

ಚಿನ್ನದ ಗಳಿಗೆ

ಈಗ ಮದುವೆಗೆ ಮುಂಚೆಯೇ ಗಂಡು ಹೆಣ್ಣನ್ನು ಹೊರಗೆ ಕರೆದುಕೊಂಡು ಹೋಗಿ ಫೋಟೋ ತೆಗೆಯೋದು ಇದೆಯಲ್ಲ, ಅದಕ್ಕೆ ಸೂರ್ಯ ಮುಳುಗೋ ಮುಂಚಿನ ಒಂದು ಗಂಟೆ ಬಹಳ ಮುಖ್ಯ. ಗೋಲ್ಡನ್ ಅವರ್ ಅಂತಾರೆ. ಬೆಳಕು ಜೇನಿನ ಬಣ್ಣಕ್ಕೆ ತಿರುಗಿರುತ್ತೆ, ಎಂಥ ಮುಖವಾದರೂ ಮಿನುಗುತ್ತೆ.

ಕೆ.ಆರ್. ನಗರದ ಆಚೆ ಹೊಳೆ ದಡದಲ್ಲಿ ಒಂದು ಜೋಡಿಯ ಶೂಟಿಂಗ್ ಇತ್ತು. ಕಾರ್ತಿಕ ಮಾಸ, ಆರು ಗಂಟೆಗೆ ಮುಂಚೆಯೇ ಹೊತ್ತು ಮುಳುಗೋ ಕಾಲ. ಗಂಡು ಹೆಣ್ಣಿನ ಜೊತೆ ಕಾವಲಿಗೆ ಅಂತ ಗಂಡಿನ ಅಜ್ಜಿ ಬಂದಿದ್ದರು. ಕಾರಿನ ಮುಂದಿನ ಸೀಟಿನಲ್ಲಿ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದರು. ನಾಲ್ಕೂವರೆಗೆ ಸರಿಯಾಗಿ ಹಿಂದಿನ ಸೀಟಿನಲ್ಲೇ ಹುಡುಗಿಯ ಮೇಕಪ್ ಮುಗಿಯಿತು. ನಾವು ಹೊಳೆ ಕಡೆ ಹೊರಟು ನಿಂತೆವು.

"ಇವತ್ ಯಾವ್ ವಾರ?" ಅಂದರು ಅಜ್ಜಿ.

"ಭಾನುವಾರ" ಅಂದೆ.

"ನಾಲ್ಕೂವರೆಯಿಂದ ಆರ್ಗಂಟೆಗಂಟ ರಾಹುಕಾಲ. ಯಾರೂ ಕಾರ್ ಇಳೀಬ್ಯಾಡಿ."

ಯಜಮಾನರು ಕಿಟಕಿಗೆ ಬಗ್ಗಿ ವಿನಯದಿಂದ ಹೇಳಿದರು. "ಅಜ್ಜಿ, ಇದು ಚಿನ್ನದ ಗಳಿಗೆ. ಈಗ ಬಿಟ್ಟರೆ ಸಿಗಲ್ಲ."

"ಯಾವ ಪಂಚಾಂಗದಾಗ್ ಬರ್ದದೆ, ತೋರ್ಸು."

ಯಜಮಾನರು ಮೊಬೈಲಿನಲ್ಲಿ ಸೂರ್ಯ ಯಾವಾಗ ಎಲ್ಲಿರುತ್ತಾನೆ ಅಂತ ತೋರಿಸೋ ಆ್ಯಪ್ ತೆಗೆದರು. ಅಜ್ಜಿ ಸೊಂಟದ ಚೀಲದಿಂದ ನಾಲ್ಕು ಮಡಿಕೆ ಮಾಡಿದ ಕ್ಯಾಲೆಂಡರ್ ಹಾಳೆ ತೆಗೆದರು. ಹಾಳೆಯೇ ಗೆದ್ದಿತು. ಗಂಡು ಹೆಣ್ಣು ಹಿಂದಿನ ಸೀಟಿನಲ್ಲಿ ಕೂತು, ಜೀವನದಲ್ಲೇ ಚೆಂದದ ಬಿಸಿಲು ಹೊಳೆ ಮೇಲೆ ಬಿದ್ದು ಹೋಗುವುದನ್ನು ಗಾಜಿನೊಳಗಿಂದ ನೋಡಿದರು. ನಮ್ಮ ಯಜಮಾನರ ಮುಖ ನೋಡೋಕಾಗುತ್ತಿರಲಿಲ್ಲ.

ಆರು ಗಂಟೆಗೆ ಅಜ್ಜಿ ಬಾಗಿಲು ತೆಗೆದರು. "ಈಗ ತಕ್ಕಳಿ, ಎಷ್ಟ್ ಬೇಕೋ ಅಷ್ಟ್."

ಹೊಳೆ ಕಪ್ಪಾಗಿತ್ತು. ನಾನು ಬ್ಯಾಟರಿ ಲೈಟಿಗೆ ಕಿತ್ತಳೆ ಬಣ್ಣದ ಹಾಳೆ ಸುತ್ತಿಕೊಂಡು, ಗಂಡು ಹೆಣ್ಣಿನ ಹಿಂದೆ ಜೊಂಡಿನ ನಡುವೆ, ಕೆಸರಿನಲ್ಲಿ ಮಂಡಿಯೂರಿ ಕೂತೆ. ಅವತ್ತು ನಾನೇ ಸೂರ್ಯ. ಯಜಮಾನರು ದಡದ ಮೇಲಿಂದ ಕೂಗುತ್ತಿದ್ದರು: "ಸೂರ್ಯ ಸ್ವಲ್ಪ ಕೆಳಗೆ! ಇನ್ನೂ ಕೆಳಗೆ! ತಲೆ ಕಾಣ್ತಿದೆ, ಮುಳುಗು!" ಮುಳುಗಿದೆ. ಸೊಳ್ಳೆ ಕಚ್ಚಿದರೂ ಅಲುಗಾಡದೆ ಮುಳುಗಿದೆ.

ಫೋಟೋ ಬಹಳ ಚೆನ್ನಾಗಿ ಬಂದವು. ಮದುವೆ ದಿನ ಛತ್ರದ ಬಾಗಿಲಲ್ಲೇ ದೊಡ್ಡದಾಗಿ ಹಾಕಿದ್ದರು. ಅಜ್ಜಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಬಂದವರಿಗೆಲ್ಲ ಹೇಳುತ್ತಿದ್ದರು: "ರಾಹುಕಾಲ ಕಳೀಲಿ ಅಂತ ಕಾದಿದ್ದಕ್ಕೆ ನೋಡ್ರವ್ವ, ಎಂತಾ ಬಿಸ್ಲು ಬಂತು!"

ಮಡಚದ ತಟ್ಟೆ

ರಿಫ್ಲೆಕ್ಟರ್ ಅಂತ ಒಂದಿದೆ. ಒಂದು ಮುಖ ಬೆಳ್ಳಿ, ಇನ್ನೊಂದು ಮುಖ ಚಿನ್ನ. ಮದುವೆ ಊಟದ ಎಲೆಗಿಂತ ಅಗಲವಾದ ಬಟ್ಟೆಯ ತಟ್ಟೆ. ಬಿಸಿಲನ್ನು ತಿರುಗಿಸಿ ಮುಖದ ಮೇಲೆ ಬೀಳಿಸೋಕೆ ಬಳಸುತ್ತೇವೆ. ಚಿಕ್ಕ ಚೀಲದ ಜಿಪ್ ತೆಗೆದರೆ ಸಾಕು, ಠಪ್ ಅಂತ ತಾನೇ ಅರಳುತ್ತೆ. ಮಡಚೋದು ಮಾತ್ರ ಬೇರೆ ವಿದ್ಯೆ. ನಾವು ತಂದ ಹೊಸದರಲ್ಲಿ ಆ ವಿದ್ಯೆ ಇಬ್ಬರಿಗೂ ಬರುತ್ತಿರಲಿಲ್ಲ.

ಪಿರಿಯಾಪಟ್ಟಣದಲ್ಲಿ ಒಂದು ನಾಮಕರಣ ಮುಗಿಸಿ ಹೊರಟಾಗ ನಮ್ಮ ವ್ಯಾನು ಕೆಟ್ಟಿತು. ಯಜಮಾನರು ಮೆಕ್ಯಾನಿಕ್ ಹತ್ತಿರ ಉಳಿದರು. ನಾನು ಬಿಚ್ಚಿದ ರಿಫ್ಲೆಕ್ಟರ್ ಹಿಡಿದುಕೊಂಡು ಹುಣಸೂರಿನ ಬಸ್ ಹತ್ತಿದೆ. ಬಾಗಿಲಲ್ಲಿ ಹಿಡಿಸಲಿಲ್ಲ. ಮುಂದಿನಿಂದ ಇಬ್ಬರು ಎಳೆದರು, ಹಿಂದಿನಿಂದ ಒಬ್ಬರು ನೂಕಿದರು.

"ಡಿಶ್ ಆಂಟೆನಾನಾಮ್ಮ?" ಅಂದ ಕಂಡಕ್ಟರ್.

"ಸೋಲಾರ್ ಕಣ್ರೀ" ಅಂದರು ಯಾರೋ.

ಸಂಜೆ ಬಿಸಿಲು ಕಿಟಕಿಯಿಂದ ಬಂದು ಅದಕ್ಕೆ ಬಿದ್ದಿದ್ದೇ ತಡ, ಡ್ರೈವರು ಕಣ್ಣು ಕಿವಿಚಿ ಕೂಗಿದ: "ಯಾರ್ರೀ ಅದು ಹಿಂದ್ಗಡೆಯಿಂದ ಹೈಬೀಮ್ ಹಾಕ್ತಿರೋರು?"

ಸರಿ, ಬಸ್ಸಿನವರೆಲ್ಲ ಅದನ್ನು ಮಡಚೋಕೆ ನಿಂತರು. ಒಬ್ಬರು ನಾಲ್ಕಾಗಿ ಮಡಚಲು ನೋಡಿದರು. ಒಬ್ಬರು ಮೇಲೆ ಕೂತು ನೋಡಿದರು. ದಪ್ಪ ಮೀಸೆಯವರೊಬ್ಬರು, "ಸರೀರಿ ಎಲ್ಲಾ" ಅಂತ ಎರಡು ಕೈ ಹಾಕಿ ತಿರುಚಿದರು. ಅದು ತಿರುಗಿ ಅವರ ಕೆನ್ನೆಗೇ ಬಾರಿಸಿತು.

ಹಿಂದಿನ ಸೀಟಿನಲ್ಲಿ ಹೊಸ ಮೊರಗಳ ಕಟ್ಟು ಇಟ್ಟುಕೊಂಡು ಒಬ್ಬಾಕೆ ಕೂತಿದ್ದರು. "ಇತ್ತಾಗ್ ಕೊಡ್ರಪ್ಪ" ಅಂದರು. ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಒಂದೇ ತಿರುವು. ತಟ್ಟೆ ಮೂರು ಸುತ್ತಾಗಿ ಮೊರಕ್ಕಿಂತ ಚಿಕ್ಕದಾಯಿತು. ಚೀಲಕ್ಕೆ ಹಾಕಿ ಜಿಪ್ ಎಳೆದರು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. "ಮೊರ ಕಟ್ಟೋ ಕೈಗೆ ಇದ್ಯಾವ್ ಲೆಕ್ಕ ಬುಡಿ" ಅಂದು ಆಕೆ ಕಂಪಲಾಪುರದಲ್ಲಿ ಇಳಿದು ಹೋದರು.

ಬಸ್ಸು ಒಂದು ಮೈಲಿ ಹೋಗಿತ್ತು. ಕಂಡಕ್ಟರ್ ಬಂದು ಪಕ್ಕದಲ್ಲಿ ನಿಂತ. "ಅಷ್ಟಗಲದ್ದು ಇಷ್ಟ್ ಚೀಲ್ದಾಗೆ ಹೆಂಗ್ ಕೂತ್ಕೊಂಡಿದೆ ಅಂತ" ಎನ್ನುತ್ತಾ ಜಿಪ್ ಎಳೆದ.

ಠಪ್.

ಎಲ್ಲರೂ ಕಂಪಲಾಪುರದ ಕಡೆ ತಿರುಗಿ ನೋಡಿದರು. ಡ್ರೈವರು ಗಾಡಿ ನಿಧಾನ ಮಾಡಿ, ಹಿಂದೆ ತಿರುಗದೆಯೇ ಕೇಳಿದ: "ರಿವರ್ಸ್ ತಗೊಳ್ಲಾ?"

ಎಲೆಗೂ ಲೈಟು

ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ಹೆಂಡತಿಯ ಜೊತೆ ಸ್ಟುಡಿಯೋಗೆ ಬಂದರು. ಆ ವರ್ಷ ಬ್ಯಾರನ್‌ ಅನ್ನೋ ಬಿಸಿಗೂಡಿನಲ್ಲಿ ಬೇಯಿಸಿದ ಸೊಪ್ಪು ಚೆನ್ನಾಗಿ ಬಂದಿತ್ತಂತೆ. ಒಂದು ಹಿಡಿ ಎಲೆ ಹಿಡಿದುಕೊಂಡು ಜೋಡಿಯಾಗಿ ಫೋಟೋ ತೆಗೆಸಿಕೊಂಡರು. ನಾನು ಹಳದಿ ಛಾಯೆಯ ಲೈಟು ಹಾಕಿದ್ದೆ. ಕಂಪ್ಯೂಟರಿನಲ್ಲಿ ಫೋಟೋ ನೋಡಿ ಅವರು ಎದ್ದು ನಿಂತರು. ಹೆಂಡತಿಯನ್ನೂ ನೋಡಲಿಲ್ಲ, ತಮ್ಮನ್ನೂ ನೋಡಲಿಲ್ಲ. ಎಲೆ ನೋಡುತ್ತಿದ್ದರು. ಎಲೆ ಚಿನ್ನದಂತೆ ಹೊಳೆಯುತ್ತಿತ್ತು.

"ತಾಯಿ, ನಾಳಿದ್ದು ಸೊಪ್ಪಿನ ಹರಾಜು. ಈ ಲೈಟ್ ತಕ್ಕಂಡು ವಸಿ ಬನ್ನಿ. ಅಲ್ಲಿ ಬಣ್ಣ ನೋಡೇ ಗ್ರೇಡ್ ಹಾಕೋದು. ನೀವು ದೂರದಾಗ್ ನಿಂತು ಅಂಗೆ ಸುಮ್ನೆ ಹಿಡ್ಕಂಡಿದ್ರೆ ಸಾಕು."

"ಅದು ಮೋಸ ಆಗಲ್ವಾ ಅಣ್ಣ?"

"ಮದ್ವೆ ಎಣ್ಣಿಗೆ ಹಿಡೀತೀರಿ, ಅದು ಮೋಸ ಅಲ್ಲ. ಎಲೆಗ್ ಹಿಡಿದ್ರೆ ಮೋಸವಾ?"

ಅವರ ಹೆಂಡತಿಯೇ ನನ್ನನ್ನು ಕಾಪಾಡಿದರು. "ಎದ್ದೇಳಿ ಸುಮ್ನೆ. ಹರಾಜ್ ಕಟ್ಟೆಯಾಗಿರೋದು ಟ್ಯೂಬ್‌ಲೈಟು. ಆ ಟ್ಯೂಬ್‌ಲೈಟ್ನಲ್ಲಿ ನಿಮ್ಮನ್ನ ನಿಲ್ಸಿದ್ರೆ ನೀವೂ ಲೋ ಗ್ರೇಡೇ."

ಹ್ಯಾಂಡ್‌ಪೋಸ್ಟಿನಲ್ಲಿ ಹುಡುಕಾಟ

ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹುಡುಗಿ ಮದುವೆಗೆ ತೋರಿಸಲು ಫೋಟೋ ತೆಗೆಸಿಕೊಳ್ಳೋಕೆ ಬಂದಿದ್ದಳು. ನಾನು ರಿಂಗ್ ಲೈಟು ಮುಂದಿಟ್ಟು, ಎರಡು ಪಕ್ಕಕ್ಕೂ ದೀಪ ಕೊಟ್ಟೆ. ಮುಖದ ಮೇಲೆ ಒಂದು ನೆರಳಿಲ್ಲ, ಒಂದು ಮಚ್ಚೆಯಿಲ್ಲ. ಒಂದು ತಿಂಗಳಾದ ಮೇಲೆ ಕೆ.ಆರ್. ನಗರದ ಕಡೆಯ ಹುಡುಗನೊಬ್ಬ ಅದೇ ಕೆಲಸಕ್ಕೆ ಬಂದ. ಸಣಕಲು ದೇಹ. "ವಸಿ ದಪ್ಪ ಕಾಣಂಗ್ ಮಾಡ್ರಕ್ಕ" ಅಂದ. ಒಂದೇ ಪಕ್ಕದಿಂದ ಲೈಟು ಕೊಟ್ಟೆ, ಹಿಂದಿನಿಂದ ಹೆಗಲಿಗೊಂದು ಗೆರೆ ಬೆಳಕು ಬಿಟ್ಟೆ. ಕುಸ್ತಿಯವನ ಹಾಗೆ ಬಂದ.

ಆ ಎರಡು ಫೋಟೋಗಳನ್ನೂ ಒಬ್ಬನೇ ಮದುವೆ ದಳ್ಳಾಳಿ ಇವರದು ಅವರಿಗೆ, ಅವರದು ಇವರಿಗೆ ಕಳಿಸಿದ ಅಂತ ನಮಗೆ ಗೊತ್ತಿರಲಿಲ್ಲ. ಹಿರಿಯರು ಸೇರೋ ಮುಂಚೆ ಒಂದು ಸಲ ಮುಖ ನೋಡಿಕೊಳ್ಳಲಿ ಅಂತ ಇಬ್ಬರಿಗೂ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಗೆ ಬರೋಕೆ ಹೇಳಿದ್ದಾನೆ. "ಫೋನ್ ನಂಬರ್ ಆಮೇಲೆ, ಫೋಟೋ ಐತಲ್ಲ, ಗುರ್ತು ಸಿಕ್ತದೆ" ಅಂದಿದ್ದಾನೆ.

ಮಟಮಟ ಮಧ್ಯಾಹ್ನ. ಮೈಸೂರು, ಹುಣಸೂರು, ಕೋಟೆ ಬಸ್ಸುಗಳು ಬರುತ್ತಿವೆ, ಹೋಗುತ್ತಿವೆ. ಬಸ್ ನಿಲ್ದಾಣದ ಒಂದೇ ಕಲ್ಲುಬೆಂಚಿನ ಈ ತುದಿಗೆ ಹುಡುಗಿ, ಆ ತುದಿಗೆ ಹುಡುಗ. ಒಂದು ಗಂಟೆ ಹೊತ್ತು ಇಬ್ಬರೂ ಬಂದವರ ಮುಖವನ್ನೆಲ್ಲ ನೋಡಿ, ಫೋನ್ ನೋಡಿ, ನಿಟ್ಟುಸಿರು ಬಿಟ್ಟಿದ್ದಾರೆ. ಕೊನೆಗೆ ಹುಡುಗ ತಡೆಯಲಾರದೆ ಅವಳಿಗೇ ಫೋನ್ ತೋರಿಸಿದ.

"ಏನೂ ಅಂದ್ಕೊಬೇಡಿ. ಇವ್ರನ್ನ ಇಲ್ಲೆಲ್ಲಾದ್ರೂ ನೋಡಿದ್ರಾ?"

ಹುಡುಗಿ ನೋಡಿದಳು. ಅವಳದೇ ಫೋಟೋ. ಇವನ ಮುಖ ನೋಡಿದಳು. ಬಿಸಿಲಿಗೆ ಬೆವೆತು, ಕಾಲರ್ ಸಡಿಲವಾಗಿ, ಕತ್ತು ಇನ್ನೂ ಸಣ್ಣದಾಗಿ ಕಾಣುತ್ತಿತ್ತು. ಅವಳು ನಗು ತಡೆದುಕೊಂಡು ತನ್ನ ಫೋನ್ ತೆಗೆದಳು.

"ಇಲ್ಲ, ನೋಡಿಲ್ಲ. ನೀವು ಇವ್ರನ್ನ ನೋಡಿದ್ರಾ?"

ಹುಡುಗ ಕುಸ್ತಿಯವನನ್ನು ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ತಲೆಯಾಡಿಸಿ, "ಇಲ್ಲ ಕಣ್ರೀ, ನಾನೂ ಇವ್ರನ್ನ ಇವತ್ಗಂಟ ನೋಡಿಲ್ಲ" ಅಂದ.

"ಆ ಮಾತಿಗೇ ನಾನು ಒಪ್ಪಿಬಿಟ್ಟೆ" ಅಂತ ಹುಡುಗಿ ಆಮೇಲೆ ನನಗೆ ಹೇಳಿದಳು. ಇಬ್ಬರೂ ಜೊತೆಯಾಗಿ ಸ್ಟುಡಿಯೋಗೆ ಬಂದಾಗ ನನಗೆ ಮಂಗಳಾರತಿ ಗ್ಯಾರಂಟಿ ಅಂದುಕೊಂಡಿದ್ದೆ. ಅವರು ಲಗ್ನಪತ್ರಿಕೆ ಕೊಟ್ಟರು.

"ಮದ್ವೆಗೆ ನೀವೇ ಬರ್ಬೇಕು ಅಕ್ಕ" ಅಂದ ಹುಡುಗ. "ಆದ್ರೆ ಲೈಟ್ ಮಾತ್ರ ತರ್ಬೇಡಿ. ತಾಳಿ ಕಟ್ಟೋವಾಗ ಇವ್ಳೇನಾ ಅಂತ ಅನುಮಾನ ಬರಬಾರ್ದು."

ತಾತನ ಕಣ್ಣು

ಹುಣಸೂರಿನ ಪಕ್ಕದ ಒಂದು ಹಳ್ಳಿಯಿಂದ ತಾತ ಒಬ್ಬರು ಬಂದರು. ಎಂಬತ್ತರ ಹತ್ತಿರ. ಕೈಯಲ್ಲಿ ಊರುಗೋಲು, ಬಿಳಿ ಅಂಗಿ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು.

"ದೊಡ್ ಫೋಟೋ ಬೇಕವ್ವ. ನಾ ಓದ್ಮೇಲೆ ಗೋಡೆಗಾಕಕ್ಕೆ."

"ಅಯ್ಯೋ, ಈಗ್ಲೇ ಯಾಕೆ ತಾತ?"

"ಈಗ್ಲೇ ತೆಗ್ಸಿಲ್ಲ ಅಂದ್ರೆ ನನ್ ಮಕ್ಳು ಆಧಾರ್ ಕಾರ್ಡ್ನಾಗಿರೋದ್ನೇ ದೊಡ್ದು ಮಾಡಿಸ್ಬುಡ್ತಾವೆ. ನಮ್ಮವ್ವನ ಸೊಸೆಗೆ ಅಂಗೇ ಮಾಡಿದ್ರು." ಅವರವ್ವನ ಸೊಸೆ ಅಂದರೆ ಅವರ ಹೆಂಡತಿ ಅಂತ ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. "ಗೋಡೆ ಮೇಲೆ ಮುಖ ಗಂಟಿಕ್ಕಂಡು ಕುಂತವ್ಳೆ ಕಣವ್ವ. ಮೂರ್ ವರ್ಸದಿಂದ ನನ್ ಮೇಲೆ ಕ್ವಾಪ ಮಾಡ್ಕಂಡಂಗೇ ಅವ್ಳೆ. ಪಕ್ಕದಾಗ್ ನಾನೂ ಅಂಗೇ ಕುಂತ್ರೆ ಬಂದೋರು ಏನಂದಾರು? ಸತ್ಮೇಲೂ ಜಗಳ ಅಂತಾರೆ."

ಯಜಮಾನರಿಗೂ ನನಗೂ ಒಂದೇ ಸಲ ಅನಿಸಿತು: ಈ ಫೋಟೋ ಚೆನ್ನಾಗಿ ಬರಬೇಕು. ನಾನು ದೊಡ್ಡ ಸಾಫ್ಟ್‌ಬಾಕ್ಸ್ ತಂದೆ. ಅದು ಮುಂಬದಿಗೆ ಬಿಳಿ ಬಟ್ಟೆ ಕಟ್ಟಿದ ಚೌಕದ ಲೈಟು, ಮನೆ ಕಿಟಕಿಯ ಬೆಳಕಿನಂತೆ ಮೆತ್ತಗೆ ಬೀಳುತ್ತೆ. ಎಡಗಡೆ, ಸ್ವಲ್ಪ ಎತ್ತರದಲ್ಲಿ ಇಟ್ಟೆ. "ಅಜ್ಜಿ ಹೆಂಗಿದ್ರು ತಾತ?" ಅಂತ ಕೇಳಿದೆ. ತಾತ ನಕ್ಕರು. ಯಜಮಾನರು ಕ್ಲಿಕ್ ಮಾಡಿದರು.

ಎರಡು ದಿನ ಬಿಟ್ಟು ತಾತ ಫ್ರೇಮ್ ಹೊತ್ತುಕೊಂಡು ವಾಪಸ್ ಬಂದರು. ಫೋಟೋವನ್ನು ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿದು, ಕಣ್ಣಿನ ಮೇಲೆ ಬೆರಳಿಟ್ಟರು.

"ಮಿಕ್ಕಿದ್ದೆಲ್ಲ ಸಂದಾಗದೆ. ಕಣ್ಣಾಗೆ ಬೆಳ್ಳಗೆ ಏನವ್ವ ಇದು? ಪೊರೆ ತಾನೆ?"

"ಅಲ್ಲ ತಾತ, ಅದು ನಮ್ಮ ಲೈಟಿನ ಬಿಂಬ. ಬೇಕೂಂತಲೇ ಬೀಳಿಸ್ತೀವಿ. ಅದಿಲ್ದೆ ಇದ್ರೆ ಕಣ್ಣಲ್ಲಿ ಜೀವ ಇಲ್ದಂಗೆ ಕಾಣುತ್ತೆ."

"ಜೀವ ಓದ್ಮೇಲೆ ತಾನೆ ಆಕೋದು?" ಅಂದರು. ನಾನು ಲೈಟು ಹಚ್ಚಿ, ಕನ್ನಡಿ ಕೊಟ್ಟು, ಯಜಮಾನರ ಕಣ್ಣು ತೋರಿಸಿ, ಎಲ್ಲಾ ಮಾಡಿದೆ. "ನೀನು ನನ್ ಮನಸ್ಗೆ ಬೇಜಾರ್ ಆಯ್ತದೆ ಅಂತ ಮುಚ್ಚಿಡ್ತಿದ್ದೀಯ" ಅಂದು ಫ್ರೇಮ್ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ನೇರ ಹೋಗಿದ್ದು ವಾರವಾರ ನಡೆಯೋ ಕಣ್ಣಿನ ಶಿಬಿರಕ್ಕೆ. ಡಾಕ್ಟರ ಮೇಜಿನ ಮೇಲೆ ಫ್ರೇಮ್ ಇಟ್ಟು, "ಈ ಫೋಟೋದಾಗಿರೋ ಪೊರೆ ತೆಗೀರಿ" ಅಂದರಂತೆ. ಡಾಕ್ಟರು ಫೋಟೋ ಪಕ್ಕಕ್ಕಿಟ್ಟು ತಾತನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರೆ, ಎರಡೂ ಕಣ್ಣಲ್ಲಿ ಪೊರೆ ಇತ್ತು! ಬಲಗಣ್ಣಿನದು ಚೆನ್ನಾಗಿ ಬಲಿತಿತ್ತಂತೆ. ಅದಕ್ಕೆ ಮೊದಲು ಆಪರೇಷನ್ ಆಯಿತು.

ಹದಿನೈದು ದಿನಕ್ಕೆ ತಾತ ಕಪ್ಪು ಕನ್ನಡಕ ಹಾಕಿಕೊಂಡು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು. "ನಮ್ ಮನೇಲ್ ಯಾರ್ಗೂ ಗೊತ್ತಾಗ್ಲಿಲ್ಲ, ನೀನ್ ಹಿಡಿದ್ಬುಟ್ಟೆ" ಅಂತ ನನಗೆ ಕೈ ಮುಗಿದರು. ನಾನು ಇಲ್ಲ ಅಂದಷ್ಟೂ ಅವರಿಗೆ ನನ್ನ ಮೇಲೆ ಗೌರವ ಹೆಚ್ಚಾಯಿತು.

ಮುಂದಿನ ಸೋಮವಾರ ಸ್ಟುಡಿಯೋ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಒಳಗಿಂದ ಏಳು ಜನ ಮುದುಕ ಮುದುಕಿಯರು ಇಳಿದರು.

"ಕಣ್ ಫೋಟೋ ತಗ್ಯೋರು ನೀವೇನಾ?"

ಯಜಮಾನರು ಬಾಗಿಲಲ್ಲಿ ನಿಂತು, ಇದು ಆಸ್ಪತ್ರೆಯಲ್ಲ, ಸ್ಟುಡಿಯೋ ಅಂತ ಅರ್ಧ ಗಂಟೆ ಭಾಷಣ ಮಾಡಿದರು. ಎಲ್ಲರೂ ಶ್ರದ್ಧೆಯಿಂದ ಕೇಳಿದರು. ಮುಗಿದ ಮೇಲೆ ಒಬ್ಬಜ್ಜಿ, "ಸರಿ ಬುಡಪ್ಪ, ನಿನ್ ಕಷ್ಟ ನಿಂಗೆ. ಡಾಕುಟ್ರಮ್ಮನ್ನ ಕರಿ" ಅಂದರು. ಡಾಕುಟ್ರಮ್ಮ ಅಂದರೆ ನಾನು.

ಕೊನೆಗೆ ನಾನೇ, "ಇಲ್ಲಿ ಗೊತ್ತಾಗಲ್ಲ ಅಜ್ಜಿ, ಶಿಬಿರಕ್ಕೆ ಹೋಗಿ ತೋರಿಸಿ" ಅಂತ ಏಳೂ ಜನರನ್ನು ಅದೇ ಆಟೋದಲ್ಲಿ ಕಳಿಸಿದೆ. ಮಾರನೆಯ ದಿನ ಆ ಡಾಕ್ಟರೇ ಸ್ಟುಡಿಯೋಗೆ ಬಂದರು. ಯಜಮಾನರು ಓಡಿ ಹೋಗಿ ಕುರ್ಚಿ ಹಾಕಿದರು. ಡಾಕ್ಟರು ಕೂತು, ಸುತ್ತ ನೋಡಿ, "ಏಳು ಜನರಲ್ಲಿ ಐದು ಜನಕ್ಕೆ ಪೊರೆ ಇದೆ" ಅಂದರು. "ಮನೆ ಬಾಗಿಲಿಗೆ ಹೋಗಿ ಕರೆದರೂ ಇವರು ಬರ್ತಿರಲಿಲ್ಲ. ನೀವು ಏನು ಹೇಳ್ತೀರಿ ಇವರಿಗೆ?"

"ನಾವು ಏನೂ ಇಲ್ಲ ಅಂತ ಹೇಳ್ತೀವಿ ಸಾರ್" ಅಂದರು ಯಜಮಾನರು.

"ಹಾಗೇ ಹೇಳ್ತಿರಿ" ಅಂದು ಡಾಕ್ಟರು ಹೋದರು.

ಮೂರು ತಿಂಗಳಿಗೆ ತಾತನ ಎಡಗಣ್ಣಿನದೂ ಆಯಿತು. ಅದಾದ ಮೇಲೆ ಒಂದು ಬೆಳಿಗ್ಗೆ, ಕನ್ನಡಕವಿಲ್ಲದೆ, ಊರುಗೋಲೂ ಇಲ್ಲದೆ ತಾತ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಎರಡು ಫ್ರೇಮ್. ಒಂದನ್ನು ಮೇಜಿನ ಮೇಲಿಟ್ಟರು. ಅಜ್ಜಿಯ ಫೋಟೋ. ಯಾವುದೋ ಅಂಗಳದಲ್ಲಿ ನಿಲ್ಲಿಸಿ ತೆಗೆದು, ಹಿಗ್ಗಿಸಿದ್ದು.

"ಇವ್ಳು ಕ್ವಾಪ ಮಾಡ್ಕಂಡಿಲ್ಲ ಕಣವ್ವ" ಅಂದರು. "ಈಗ್ ನೋಡ್ದೆ. ಎದ್ರಿಗೆ ಬಿಸ್ಲು. ಕಣ್ ಬುಡಕ್ಕಾಗ್ದೆ ಉಬ್ ಗಂಟಿಕ್ಕವ್ಳೆ, ಅಷ್ಟೇಯ. ತುಟಿ ನೋಡು, ನಗ್ತಾ ಅವ್ಳೆ. ಮೂರ್ ವರ್ಸ ಸುಮ್ಸುಮ್ನೆ ತಪ್ಪೊಪ್ಕಂಡೆ."

ನಾನು ನೋಡಿದೆ. ಹೌದು, ಅಜ್ಜಿ ನಗುತ್ತಿದ್ದರು. ಬೆಳಕು ಎದುರಿಗಿದ್ದು ತೊಂದರೆ ಕೊಟ್ಟಿತ್ತು, ಅಷ್ಟೇ. ಯಜಮಾನರು ಸುಮ್ಮಸುಮ್ಮನೆ ಲೆನ್ಸ್ ಒರೆಸತೊಡಗಿದರು.

ತಾತ ಎರಡನೇ ಫ್ರೇಮನ್ನು ಬೋರಲಾಗಿ ಮೇಜಿನ ಮೇಲೆ ಕುಕ್ಕಿದರು.

"ಆದ್ರೆ ಇದ್ಯಾರ್ ಮುದ್ಕ?"

ನಾನು ತಿರುಗಿಸಿ ನೋಡಿದೆ. "ನೀವೇ ತಾತ! ಅವತ್ತು ಸಂದಾಗದೆ ಅಂದಿದ್ರಲ್ಲ."

"ಅವತ್ ಸಂದಾಗಿತ್ತು. ನುಣ್ಣಗಿದ್ದೆ. ಈಗ್ ನೋಡಿದ್ರೆ ಉತ್ತಿದ್ ಒಲ ಇದ್ದಂಗದೆ ಮಖ. ಅವ್ಳ್ ಪಕ್ಕದಾಗ್ ಇದ್ನ ಎಂಗ್ ಆಕ್ಲಿ? ಬ್ಯಾರೆ ತೆಗಿ."

"ತಾತ, ಫೋಟೋ ಅದೇ. ನಿಮ್ಮ ಕಣ್ಣು ಸರಿಹೋಗಿದೆ, ಅದಕ್ಕೆ ಸುಕ್ಕೆಲ್ಲ ಕಾಣ್ತಿದೆ. ನಾನೇನು ಮಾಡ್ಲಿ?"

ತಾತ ಸ್ಟೂಲಿನ ಮೇಲೆ ಕೂತು ಯೋಚಿಸಿದರು. ಎದುರಿಗಿದ್ದ ಸಾಫ್ಟ್‌ಬಾಕ್ಸನ್ನು, ಅದರ ಮುಂದಿನ ಬಿಳಿ ಬಟ್ಟೆಯನ್ನು ಮೊದಲ ಸಲ ಸರಿಯಾಗಿ ನೋಡಿದರು. ಎದ್ದು ಹೋಗಿ ಮುಟ್ಟಿ ನೋಡಿದರು. ಆಮೇಲೆ ಕೂದಲು ಸರಿಮಾಡಿಕೊಂಡು ಬಂದು ಕೂತು ಹೇಳಿದರು:

"ನನ್ ಕಣ್ದು ತೆಗ್ಸಾಯ್ತು. ನಿನ್ ಲೈಟ್‌ಗೆ ಇನ್ನೊಂದ್ ವಸಿ ಪೊರೆ ಕಟ್ಟವ್ವ."